ಹತ್ತೊಂಬತ್ತು ಬೈಟು

ಹದಿನಾಲ್ಕನೇ ತಾರೀಖು, ಸೋಮವಾರ
ಬೆಳಿಗ್ಗೆ ಆರೂವರೆ

ಒಂದು ಕಾಲಕ್ಕೆ ನಿನಗೆ ಕಾಗದ ಬರೆದರೆ ‘ಪ್ರೀತಿಯ’ ಎಂದು ಶುರುಮಾಡುತ್ತಿದ್ದೆ. ಇವತ್ತು ಆ ಜಾಗ ಖಾಲಿ ಬಿಟ್ಟಿದ್ದೇನೆ. ಕ್ಷೇಮವೇ?

ಜೈಲಿನಲ್ಲಿ ಕೂತವನನ್ನು ಕ್ಷೇಮವೇ ಎಂದು ಕೇಳುವುದು ಗಾಯಕ್ಕೆ ಉಪ್ಪು ಸವರಿದ ಹಾಗೆ ಎಂದು ನಿನಗೆ ಅನಿಸಬಹುದು. ಅನಿಸಲಿ. ನಿನ್ನ ವಕೀಲರು ಶುಕ್ರವಾರ ನಿನ್ನ ಕಾಗದ ತಂದುಕೊಟ್ಟರು. ಹನ್ನೊಂದು ವರ್ಷವಾದರೂ ನಿನ್ನ ಅಕ್ಷರ ಹಾಗೇ ಇದೆ, ಸಾಲು ಮುಗಿಯುವ ಹೊತ್ತಿಗೆ ಮೇಲಕ್ಕೆ ಏರಿಬಿಡುತ್ತದೆ, ನಿನ್ನ ದನಿಯ ಹಾಗೆ. ಎರಡು ಕೇಳಿದ್ದೀಯ. ಒಂದು, ತಗಡು ಒತ್ತುವ ಆ ಪ್ರೆಸ್ಸಿನ ಪ್ರೋಗ್ರಾಂ ಕಟ್ಟಿದ್ದು ಹೊಸ ಕಂಪೈಲರಿನಲ್ಲೇ ಎಂದು ಇದ್ದದ್ದು ಇದ್ದ ಹಾಗೆ ಹೇಳು. ಎರಡು, ಸಾಧ್ಯವಾದರೆ ಕ್ಷಮಿಸು. ಮೊದಲನೆಯದಕ್ಕೆ ಉತ್ತರ ಬರೆಯುತ್ತೇನೆ. ಎರಡನೆಯದಕ್ಕೆ ಹಾಳೆ ಉಳಿದರೆ ನೋಡೋಣ.

ಇವತ್ತು ಹತ್ತು ಗಂಟೆಗೆ ವಿಚಾರಣಾಧಿಕಾರಿಗಳ ಮುಂದೆ ನನ್ನ ವರದಿ ಇಡಬೇಕು. ಅವರಿಗೆ ನಾನು ಹಳೇ ಮೆಷಿನ್ನುಗಳ ಪ್ರೋಗ್ರಾಂ ರಿಪೇರಿ ಮಾಡುವ ಹೆಂಗಸು, ಅಷ್ಟೆ. ನಿನ್ನ ಹೆಂಡತಿಯಾಗಿದ್ದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವಕೀಲರಿಗೆ ಗೊತ್ತಿತ್ತು. ಬಾಯಿ ಬಿಡಬೇಡಿ, ಅವಳು ಸುಳ್ಳು ಹೇಳುವವಳಲ್ಲ ಎಂದು ನೀನೇ ತಡೆದೆಯಂತೆ. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ನಂಬುವ ಬುದ್ಧಿ ಈಗ ಬಂತೇ ನಿನಗೆ?

ಕಂಪೈಲರಿನ ಹೊಸ ವರ್ಷನ್, ಹೊಸ ಆವೃತ್ತಿ ಎಂದು ನಾನು ಹೇಳಿದರೆ ಪ್ರೋಗ್ರಾಂ ಸರಿಯಿದೆ ಎಂದಾಯಿತು. ಆಗ ಪ್ರೆಸ್ಸಿಗೆ ಸಿಕ್ಕಿ ಸತ್ತ ಆಪರೇಟರೇ ಎರಡು ಗುಂಡಿಗಳಲ್ಲಿ ಒಂದಕ್ಕೆ ಬಟ್ಟೆ ಬಿಗಿದು ಕೆಲಸ ಮಾಡುತ್ತಿದ್ದ, ಅವನ ಸಾವಿಗೆ ಅವನೇ ಕಾರಣ. ನೀನು ನಾಳೆ ಮನೆಗೆ ಹೋಗಬಹುದು. ಹಳೆಯದು ಎಂದರೆ ಅವನು ನಿರ್ದೋಷಿ, ‘ಹೊಸದರಲ್ಲಿ ಕಟ್ಟಿದೆ, ಪರೀಕ್ಷಿಸಿದೆ’ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ ನೀನು ಕೊಲೆಗಡುಕ. ನನ್ನ ಬಾಯಿಂದ ಬರುವ ಒಂದು ಅಂಕೆಯ ಮೇಲೆ ಇಬ್ಬರ ಹಣೆಬರಹ ನಿಂತಿದೆ.

ನಾನು ಹೋಗಿ ಆ ಪ್ರೆಸ್ ನೋಡಿದೆ. ಅದೇ ಹಸಿರು ಬಣ್ಣ, ನಾವು ಅಂಟಿಸಿದ ಅದೇ ಹಳದಿ ಪಟ್ಟಿ, ಎರಡು ಕೈಗೂ ಒಂದೊಂದು ಗುಂಡಿ. ಮುಂದಿದ್ದ ಕಂಬಿಯ ಬಾಗಿಲು ಮಾತ್ರ ಇರಲಿಲ್ಲ. ಅಗಲದ ತಗಡು ಒಳಗೆ ಹೋಗುವುದಿಲ್ಲ ಎಂದು ಅವಘಡಕ್ಕೆ ಒಂದು ತಿಂಗಳ ಮುಂಚೆ ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ನಮ್ಮ ಪ್ರೋಗ್ರಾಂ ಬರುವ ಮೊದಲಿನಿಂದಲೂ, ಹದಿನಾರು ವರ್ಷ ಅದೇ ಮೆಷಿನ್ನಿನ ಮುಂದೆ ನಿಂತವನು ಆ ಆಪರೇಟರ್. ಆ ದಿನ ಎರಡೂ ಗುಂಡಿ ಒತ್ತಿದ, ಅಚ್ಚು ಇಳಿಯತೊಡಗಿತು, ತಗಡು ಓರೆಯಾದದ್ದು ಕಂಡಿತು. ಗುಂಡಿ ಬಿಟ್ಟು ಎರಡೂ ಕೈ ಒಳಗೆ ಹಾಕಿದ. ಕೈ ತೆಗೆದರೆ ಅಚ್ಚು ಅಲ್ಲೇ ನಿಲ್ಲುತ್ತದೆ ಎಂದು ಅವನಿಗೆ ಹೇಳಿಕೊಟ್ಟವರು ನಾವೇ ತಾನೆ.

ನಿಲ್ಲಲಿಲ್ಲ. ಮೊಣಕೈವರೆಗೆ ಎರಡೂ ಕೈ ತಗಡಿನ ಜೊತೆಗೇ ಹೋದವು. ಮುಚ್ಚಿಕೊಂಡ ಅಚ್ಚು ಮೇಲೇಳಬೇಕಾದರೆ ಪಕ್ಕದ ದೊಡ್ಡ ಗಾಲಿಯನ್ನು ಸನ್ನೆಕೋಲು ಹಾಕಿ ಕೈಯಲ್ಲೇ ತಿರುಗಿಸಬೇಕು. ಫಿಟ್ಟರ್ ಮತ್ತು ಇನ್ನಿಬ್ಬರು ಸೇರಿ ತಿರುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವನಿಗೆ ಎಚ್ಚರವಿತ್ತು. ಮೊದಲು ಕಿರುಚಿದ, ಆಮೇಲೆ ಎಲ್ಲರ ತಾಯಂದಿರನ್ನೂ ಬೈದ, ಕೊನೆಗೆ ದನಿ ಇಳಿದು, ನಿಧಾನ ಕಣಯ್ಯಾ, ಅಚ್ಚಿಗೆ ಪೆಟ್ಟಾಗತ್ತೆ ಅಂದನಂತೆ ಫಿಟ್ಟರನಿಗೆ. ಗಾಲಿ ಪೂರ್ತಿ ತಿರುಗುವಷ್ಟರಲ್ಲಿ ನೆಲದ ಮೇಲೆ ಇದ್ದಷ್ಟು ರಕ್ತ ಅವನ ಮೈಯಲ್ಲಿ ಇರಲಿಲ್ಲ. ಇದನ್ನು ನನಗೆ ಹೇಳಿದವನು ಆ ಫಿಟ್ಟರೇ.

ಆಪರೇಟರನ ಹೆಗಲ ಮೇಲಿನ ಒರಸುವ ಬಟ್ಟೆ ಗುಂಡಿಯ ಹತ್ತಿರ ಬಿದ್ದಿತ್ತು. ಕಾರ್ಖಾನೆಯ ಮಾಲೀಕರಿಗೆ ಅಷ್ಟು ಸಾಕಾಯಿತು. ಒಂದು ಗುಂಡಿಗೆ ಬಟ್ಟೆ ಬಿಗಿದು ಒಂದೇ ಕೈಯಲ್ಲಿ ಓಡಿಸುವುದು ಎಲ್ಲ ಪ್ರೆಸ್ಸಿನವರಿಗೂ ಗೊತ್ತಿರುವ ಕಳ್ಳದಾರಿ ಎಂದು ಬರೆದುಕೊಟ್ಟರು.

ಅವನ ಹೆಂಡತಿ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಮುಂಗೈ ತುಂಬ ಸುಟ್ಟ ಕಲೆ. ವಿಚಾರಣೆಯ ಪ್ರತಿ ದಿನವೂ ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಾಳೆ, ಮಧ್ಯಾಹ್ನ ಡಬ್ಬಿ ಬಿಚ್ಚಿ ಅರ್ಧ ನನ್ನ ಮುಂದೆ ತಳ್ಳುತ್ತಾಳೆ. ನೋಡಿ ಅಕ್ಕಾ, ಅದ್ಯಾವ ವರ್ಷನ್ನು ಅಂತ ಗೊತ್ತಾದ್ರೆ ಸತ್ತೋರು ಎದ್ದು ಬರ್ತಾರಾ ಅಂತ ನಮ್ಮೋರೇ ಕೇಳ್ತಾರೆ, ಬರಲ್ಲ, ನಂಗೂ ಗೊತ್ತು, ಆದ್ರೆ ಮದುವೆಯಾದಾಗಿಂದ ಚಪ್ಪಲಿನೂ ಸಾಲಾಗಿ ಬಿಡ್ತಿದ್ದ ಮನುಷ್ಯ ಅವ್ರು, ಅವ್ರು ಬಟ್ಟೆ ಕಟ್ಟಿದ್ರು ಅಂದ್ರೆ ನಾನು ಹ್ಯಾಗೆ ನಂಬ್ಲಿ ಅಂದಳು. ನನ್ನ ಬಲಗೈಯ ಸೊಟ್ಟ ಬೆರಳುಗಳನ್ನು ನೋಡಿದಳು. ಇದೂ ಪ್ರೆಸ್ಸೇನಾ ಅಂತ ಕೇಳಿದಳು. ಹೂಂ ಅಂದೆ. ಆಮೇಲೆ ಡಬ್ಬಿ ಮುಚ್ಚುವವರೆಗೂ ನನ್ನ ಕೈ ಬಿಡಲಿಲ್ಲ.

ಇನ್ನು ಕೆಲಸದ ವಿಷಯ. ಗುರುತು ಹಿಡಿಯಲು ನೀನು ಏನನ್ನು ಉಳಿಸಿದ್ದೆ ಹೇಳು? ಪ್ರೋಗ್ರಾಂ ತುಂಬುವ ಚಿಪ್ಪಿನಲ್ಲಿ ಜಾಗ ಸಾಲದು ಎಂದು ಕಂಪೈಲರ್ ತಾನಾಗಿ ಅಂಟಿಸುವ ಹೆಸರುಚೀಟಿಯನ್ನು ಕಿತ್ತು ಎಸೆಯುವುದು ನಿನ್ನ ಚಾಳಿ. ನಮ್ಮ ಹಳೇ ಕಂಪ್ಯೂಟರ್ ಗುಜರಿಗೆ ಹೋಗಿದೆ. ಉಳಿದದ್ದು ಪ್ರೆಸ್ಸಿನಿಂದ ಕಿತ್ತ ಉಗುರಿನಷ್ಟು ಚಿಪ್ಪು ಒಂದೇ. ವಿಚಾರಣಾಧಿಕಾರಿಗಳು ನಿವೃತ್ತ ಜಡ್ಜು, ಕಿವಿ ಮಂದ, ಬಾಯಲ್ಲಿ ಯಾವಾಗಲೂ ಪೆಪ್ಪರಮೆಂಟು. ಪ್ರೋಗ್ರಾಂ ಎದುರಿಗೇ ಇದೆಯಲ್ಲಮ್ಮ, ಅದನ್ನೇ ಓದಿಬಿಡಬಾರದೇ ಅಂದರು. ನಾನು ಹೇಳಿದೆ, ಸ್ವಾಮಿ, ನಾವು ಬರೆಯುವುದು ಮನುಷ್ಯರಿಗೆ ತಿಳಿಯುವ ಮಾತು, ಅದನ್ನು ಮೆಷಿನ್ನಿಗೆ ತಿಳಿಯುವ ಅಂಕಿಗಳಾಗಿ ಹೊಲಿದು ಕೊಡುವುದು ಕಂಪೈಲರ್. ಹೊಲಿದ ಅಂಗಿ ನೋಡಿ ಇದು ಯಾವ ಮೆಷಿನ್ನಿನ ಹೊಲಿಗೆ ಎಂದು ಹಳೇ ದರ್ಜಿ ಹೇಳುತ್ತಾನಲ್ಲ, ನನ್ನ ಕೆಲಸವೂ ಅದೇ. ಹಾಗಾದರೆ ಸರಿ ಎಂದು ಇನ್ನೊಂದು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡರು.

ಹಳೆಯ ಕಂಪೈಲರಿನ, ಅಂದರೆ ಎರಡನೇ ವರ್ಷನ್ನಿನ ದೋಷ ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಅಚ್ಚು ಇಳಿಯುವಾಗ ನಮ್ಮ ಪ್ರೋಗ್ರಾಂ ಕ್ಷಣಕ್ಷಣಕ್ಕೂ ಕೇಳಬೇಕು, ಗುಂಡಿ ಒತ್ತಿದೆಯೇ, ಇನ್ನೂ ಒತ್ತಿದೆಯೇ, ಇನ್ನೂ? ಎರಡನೇ ವರ್ಷನ್ನಿಗೆ ಚಿಕ್ಕದಾಗಿ ಹೊಲಿ ಎಂದರೆ ಅತಿಬುದ್ಧಿ ಉಪಯೋಗಿಸುತ್ತಿತ್ತು. ಈಗತಾನೇ ಕೇಳಿದೆಯಲ್ಲ, ಮತ್ತೆ ಮತ್ತೆ ಯಾಕೆ ಎಂದು ಉಳಿದ ಪ್ರಶ್ನೆಗಳನ್ನೆಲ್ಲ ಕತ್ತರಿಸಿಬಿಡುತ್ತಿತ್ತು. ಗುಂಡಿ ಒತ್ತಿದ್ದು ಒಮ್ಮೆ ಗೊತ್ತಾದರೆ ಮುಗಿಯಿತು, ಆಮೇಲೆ ಕೈ ಎಲ್ಲಿಗೆ ಹೋಯಿತು ಎಂದು ನೋಡುವವರಿಲ್ಲ. ಹೊಸದಾದ ಮೂರನೆಯದರಲ್ಲಿ ಸರಿಮಾಡಿದರು. ಕಂಬಿಯ ಬಾಗಿಲು ಇದ್ದಷ್ಟು ಕಾಲ ಯಾರ ಕೈಯೂ ಒಳಗೆ ಹೋಗುವಂತಿರಲಿಲ್ಲ, ಹಾಗಾಗಿ ಚಿಪ್ಪಿನಲ್ಲಿ ಯಾವುದಿದೆ ಎಂದು ಹನ್ನೊಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಆರು ವಾರ ಹಿಡಿಯಿತು. ಒಬ್ಬ ನಿವೃತ್ತ ಲ್ಯಾಬ್ ಅಟೆಂಡರ್ ಕಂಪೈಲರಿನ ಹಳೇ ಡಿಸ್ಕುಗಳನ್ನೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದ, ಅವನ ಕೈಕಾಲು ಹಿಡಿದು ತಂದೆ. ಎರಡನೆಯದರಲ್ಲೇ ನಾಲ್ಕು ಮರಿ ವರ್ಷನ್ನುಗಳು, ಮೂರನೆಯದು ಒಂದು. ನಮ್ಮ ಮೂಲ ಬರಹ ನಾನು ಮನೆ ಬಿಟ್ಟಾಗ ತಂದ ಚೀಲದಲ್ಲೇ ಇತ್ತು. ಚಿಪ್ಪಿನೊಳಗಿನ ಹೊಲಿಗೆ ಒಂದೊಂದಾಗಿ ನೋಡಿದೆ. ಹತ್ತರಿಂದ ಭಾಗಿಸು ಎಂದರೆ ಎರಡನೆಯದು ನೇರ ಭಾಗಾಕಾರ ಮಾಡುತ್ತದೆ, ಮೂರನೆಯದು ಗುಣಾಕಾರದ ಅಡ್ಡದಾರಿ ಹಿಡಿಯುತ್ತದೆ. ಪ್ರೋಗ್ರಾಂ ತುಂಡುಗಳ ನಡುವೆ ಉಳಿದ ಜಾಗಕ್ಕೆ ಎರಡನೆಯದು ಸೊನ್ನೆ ತುಂಬುತ್ತದೆ, ಮೂರನೆಯದು ಬೇರೇನೋ ತುಂಬುತ್ತದೆ. ಊಹೆ ಸಾಲದು ಎಂದು ಐದರಲ್ಲೂ ಹೊಸದಾಗಿ ಕಟ್ಟಿ, ಚಿಪ್ಪಿನ ಪಕ್ಕ ಇಟ್ಟು, ಬೈಟಿಗೆ ಬೈಟು, ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ನಾಲ್ಕು ಹೊಂದಲಿಲ್ಲ. ಒಂದು ಪೂರ್ತಿ ಹೊಂದಿತು, ಹತ್ತೊಂಬತ್ತು ಬೈಟಿನ ಒಂದು ಜಾಗ ಬಿಟ್ಟು. ಅದು ಕಟ್ಟಿದ ದಿನಾಂಕ ಮತ್ತು ಸಮಯ. ಅದು ಯಾವತ್ತೂ ಹೊಂದುವುದಿಲ್ಲ, ಹೊಂದಬಾರದು.

ಹೊಂದಿದ್ದು ಎರಡನೇ ವರ್ಷನ್ನೇ. ಹಳೆಯದು.

ಕಾಗದ ಹರಿದುಹಾಕಬೇಡ, ಮುಂದೆ ಓದು. ಆ ಹತ್ತೊಂಬತ್ತು ಬೈಟಿನಲ್ಲಿ ಇದ್ದದ್ದು ಆ ಗುರುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತೇಳು ನಿಮಿಷ. ನಿನಗೆ ಆ ಗುರುವಾರ ನೆನಪಿರಲೇಬೇಕು. ಟೈರ್ ಅಂಗಡಿಯ ಮೇಲಿನ ನಮ್ಮ ಕೋಣೆ, ರಬ್ಬರಿನ ವಾಸನೆ, ಕಿಟಕಿಯ ಪಕ್ಕ ಸ್ಟೀಲಿನ ಬೀರು. ಆ ದೋಷ ಸರಿಮಾಡಿದ ಮೂರನೇ ವರ್ಷನ್ ಹಿಂದಿನ ದಿನವಷ್ಟೇ ಬಂದಿತ್ತು. ನೀನು ಇದರಲ್ಲೇ ಕಟ್ಟು, ಇವತ್ತೇ ಕೊಡಬೇಕು ಅಂದೆ. ನಾನು ಒಂದು ವಾರ ಪರೀಕ್ಷೆ ಮಾಡದೆ ಕೊಡುವುದು ಬೇಡ ಅಂದೆ. ಅದನ್ನು ಫೋನಿನಲ್ಲಿ ಮಾಲೀಕರಿಗೇ ಹೇಳಿದ್ದು ನನ್ನ ಅಪರಾಧ. ಫೋನ್ ಇಟ್ಟೆ, ಬೀರುವಿನಿಂದ ಡಿಸ್ಕು ತೆಗೆಯಲು ಕೈ ಹಾಕಿದೆ. ನೀನು ಬೀರುವಿನ ಬಾಗಿಲು ಮುಚ್ಚಿದೆ. ಕೈ ಒಳಗಿದೆ ಎಂದು ಗೊತ್ತಿದ್ದೇ ಮುಚ್ಚಿದೆ. ಹೊರಗೆ ಎಳೆದುಕೊಳ್ಳುವ ಮೊದಲು ಬೆನ್ನು ಕೊಟ್ಟು ಇನ್ನೊಮ್ಮೆ ತಳ್ಳಿದೆ. ಮೂರು ಬೆರಳು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಯಾವ ವರ್ಷನ್ ಬೇಕು ಅನ್ನುವುದರಲ್ಲಿ ಆವತ್ತು ನೀನೇ ಸರಿ. ಈಗಲೂ ಒಪ್ಪುತ್ತೇನೆ.

ಅದೇನು ಮೊದಲನೆಯದಲ್ಲ. ಕೀಬೋರ್ಡನ್ನು ನನ್ನ ಬೆನ್ನಿಗೆ ಬಾರಿಸಿ ಒಡೆದಿದ್ದೆ, ಕೀಲಿಗಳನ್ನು ನೆಲದಿಂದ ಆಯ್ದವಳು ನಾನು. ಬಿಸಿ ಸಾಲ್ಡರಿಂಗ್ ಕಡ್ಡಿಯನ್ನು ಕುತ್ತಿಗೆಯ ಹತ್ತಿರ ಹಿಡಿದು ಮಾತಾಡಿದ್ದೆ. ಅತ್ತೆ ಪಾಪ ಪ್ರತಿ ಸಲವೂ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಸಮಾಧಾನ ಮಾಡುತ್ತಿದ್ದರು. ಉಣ್ಣಲು ತುಟಿ ನೆಟ್ಟಗಿರಬೇಕು, ಮಲಗಲು ಬೆನ್ನು ನೆಟ್ಟಗಿರಬೇಕು ಎಂದು ಅವರಿಗೆ ಹೇಳಲಿಲ್ಲ. ಅವರು ಹೋದರು ಎಂದು ನಿನ್ನ ಕಾಗದದಿಂದ ತಿಳಿಯಿತು. ಅತ್ತೆ ನನಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದರು. ಸುದ್ದಿ ಓದಿ ಅತ್ತುಬಿಟ್ಟೆ, ಅಷ್ಟೇ ನೆನಪಿಟ್ಟುಕೊಂಡಿದ್ದೇನೆ.

ಬೆರಳು ಮುರಿದ ಮೇಲೆ ನೀನು ಮುಖ ತೊಳೆದು, ಮೆಷಿನ್ ಸಿದ್ಧಮಾಡುತ್ತೇನೆ, ನೀನು ಕಟ್ಟಿ ಚಿಪ್ಪು ಕಳಿಸು ಎಂದು ಕಾರ್ಖಾನೆಗೆ ಹೊರಟೆ. ನಾನು ಬಲಗೈಯನ್ನು ಒದ್ದೆ ಟವಲ್ಲಿನಲ್ಲಿ ಸುತ್ತಿಕೊಂಡು ಎಡಗೈಯಲ್ಲಿ ಟೈಪು ಮಾಡಿದೆ. ಕಂಪ್ಯೂಟರಿನಲ್ಲಿ ಎರಡೂ ಕಂಪೈಲರ್ ಪಕ್ಕಪಕ್ಕದಲ್ಲಿದ್ದವು. ಕಣ್ಣು ಮಂಜಾಗಿತ್ತು, ನೋವಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಹಳೆಯದನ್ನು ಕರೆದುಬಿಟ್ಟೆ. ತಪ್ಪಾಯಿತು. ಚಿಪ್ಪನ್ನು ಕೆಳಗಿನ ಟೈರ್ ಅಂಗಡಿಯವನ ಕೈಯಲ್ಲಿ ಕಳಿಸಿ, ಎರಡು ಜೊತೆ ಬಟ್ಟೆ, ನಮ್ಮ ಮೂಲ ಬರಹದ ಡಿಸ್ಕು ಚೀಲಕ್ಕೆ ತುಂಬಿಕೊಂಡು ಆರು ಗಂಟೆಯ ಬಸ್ಸಿಗೆ ಅಕ್ಕನ ಮನೆಗೆ ಹೊರಟುಹೋದೆ.

ವರದಿಯಲ್ಲಿ ಇದನ್ನೇ ಬರೆದಿದ್ದೇನೆ. ಕಟ್ಟಿದವಳು ನಾನು, ನನ್ನ ಗಂಡನಾಗಿದ್ದವನು ಹೊಸದನ್ನೇ ಕೇಳಿದ್ದ, ಪ್ರಮಾಣಪತ್ರಕ್ಕೆ ನಂಬಿ ಸಹಿ ಹಾಕಿದ ಎಂದು. ಕಟ್ಟಿದವರು ಯಾರು ಎಂದು ಪತ್ತೆಯಾಗಬಹುದೇ ಎಂದು ಜಡ್ಜು ಹೋದ ವಾರ ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬಲಗೈಯನ್ನು ಮೇಜಿನ ಕೆಳಗೆ ಇಳಿಸಿದ್ದೆ. ಇವತ್ತು ಮೇಲಿಡುತ್ತೇನೆ. ಸಾವಿಗೆ ನೀನು ಹೊಣೆಯಲ್ಲ ಎಂದಾಗುತ್ತದೆ. ಬೆರಳಿಗೆ ನೀನೇ ಹೊಣೆ, ಅದನ್ನೂ ಬರೆದಿದ್ದೇನೆ. ಬೇಜಾರು ಮಾಡಿಕೊಂಡರೆ ಮಾಡಿಕೋ.

ನಿನ್ನ ಕಾಗದದ ಮೂರನೇ ಪುಟದಲ್ಲಿ ಒಂದು ಸಾಲು ಇದೆ. ಆವತ್ತು ಸಂಜೆ ಡೆಮೋ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು, ನಿನ್ನ ಬೆರಳಿನ ಸದ್ದು ಕಿವಿಯಿಂದ ಹೋಗಿರಲಿಲ್ಲ, ಅದಕ್ಕೇ ಯಾವಾಗಲೂ ಮಾಡುವ ಹಾಗೆ ಮಾಡಲಿಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಲೆಕ್ಕವಿಲ್ಲ. ಹಾಳೆ ಮುಗಿಯಿತು. ಕ್ಷಮೆಯ ಮಾತಿಗೆ ಜಾಗ ಉಳಿಯಲಿಲ್ಲ.

ಇಂತಿ,
ಬೆರಳು ಸೊಟ್ಟಗಿದ್ದರೂ ಅಕ್ಷರ ನೆಟ್ಟಗೆ ಬರೆಯುವ,
ನಿನ್ನ ಹೆಂಡತಿಯಾಗಿದ್ದವಳು

ಮರೆತ ಮಾತು: ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ವಿಚಾರಣೆಯ ಕಟ್ಟಡದ ಮೆಟ್ಟಿಲ ಹತ್ತಿರ ನಿಂತು ಬರೆಯುತ್ತಿದ್ದೇನೆ. ಅಂಟಿಸಿದ್ದ ಲಕೋಟೆಯನ್ನು ಮತ್ತೆ ಹರಿದೆ. ಮರೆತ ಮಾತು ಎಂದದ್ದೂ ಸುಳ್ಳು. ಮರೆತಿದ್ದರೆ ಈ ಹನ್ನೊಂದು ವರ್ಷ ನೆಟ್ಟಗೆ ನಿದ್ದೆ ಮಾಡುತ್ತಿದ್ದೆ.

ಎಡಗೈಯಲ್ಲಿ ನಾನು ಮೊದಲು ಕಟ್ಟಿದ್ದು ಹೊಸದರಲ್ಲೇ. ಒಂದಕ್ಷರ ತಪ್ಪಲಿಲ್ಲ. ಮೂರೂವರೆಗೆ ಸಿದ್ಧವಾಗಿತ್ತು. ಚಿಪ್ಪಿಗೆ ತುಂಬುವ ಮೊದಲು ಟವಲ್ಲು ಬಿಚ್ಚಿ ಬೆರಳು ನೋಡಿಕೊಂಡೆ. ನೀಲಿಯಾಗಿ ಊದಿದ್ದವು, ನಡುಬೆರಳು ಪಕ್ಕಕ್ಕೆ ನೋಡುತ್ತಿತ್ತು. ಆಗ ನಿನ್ನ ಚಟ ನೆನಪಾಯಿತು. ಪ್ರತಿ ಡೆಮೋದಲ್ಲೂ ಕಂಬಿಯ ಬಾಗಿಲು ತೆರೆದಿಟ್ಟು, ಎರಡೂ ಗುಂಡಿ ಒತ್ತಿ, ಅಚ್ಚು ಇಳಿಯುವಾಗ ಒಂದು ಕೈ ಬಿಟ್ಟು ಅಚ್ಚಿನ ಕೆಳಗೆ ಇಡುತ್ತಿದ್ದೆ. ಮೊದಲಿನ ಮೆಷಿನ್ನುಗಳಿಗೆ ಚಿಕ್ಕದಾಗಿ ಹೊಲಿಯಬೇಕಿರಲಿಲ್ಲ, ಅಚ್ಚು ನಿಲ್ಲುತ್ತಿತ್ತು, ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು, ನೀನು ನನ್ನ ಕಡೆ ತಿರುಗಿ ನಗುತ್ತಿದ್ದೆ. ಕಟ್ಟಿದ್ದನ್ನು ಅಳಿಸಿದೆ. ಹಳೆಯದನ್ನು ಕರೆದು ಇನ್ನೊಮ್ಮೆ ಕಟ್ಟಿದೆ. ಅದೇ ಮೂರು ನಲವತ್ತೇಳು. ನನಗೆ ನಿನ್ನ ಕೈ ಬೇಕಿತ್ತು. ಮೂರು ಬೆರಳಲ್ಲ, ಪೂರ್ತಿ ಕೈ.

ಅಕ್ಕನ ಮನೆಯಲ್ಲಿ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಫೋನಿನ ಪಕ್ಕ ಕೂತು ಕಾದೆ. ಮರುದಿನ ನೀನೇ ಫೋನ್ ಮಾಡಿ, ಡೆಮೋ ಚೆನ್ನಾಗಾಯಿತು, ತಪ್ಪಾಯಿತು, ಬಾ ಅಂದೆ. ನಿನ್ನ ಎರಡು ಕೈಯೂ ಇವೆ ಎಂದು ತಿಳಿದು ಅತ್ತುಬಿಟ್ಟೆ, ನಿರಾಸೆಯಿಂದ. ಯಾಕೆ ಉಳಿದವು ಎಂದು ಗೊತ್ತಾದದ್ದು ಈ ಶುಕ್ರವಾರ. ನಿನ್ನ ಜನ್ಮದಲ್ಲಿ ಒಂದು ಸಲ ಪಶ್ಚಾತ್ತಾಪದಿಂದ ಕೈ ನಡುಗಿತು, ಅದು ನಿನ್ನ ಕೈ ಉಳಿಸಿತು, ಚಿಪ್ಪು ಯಾರದೋ ಕೈಗೆ ಕಾದು ಕೂತಿತು. ಚಿಪ್ಪು ಬದಲಾಯಿಸಿ ಎಂದು ಆಮೇಲೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಮೊದಲು ಸಿಟ್ಟು, ಆಮೇಲೆ ಹೆದರಿಕೆ, ಆಮೇಲೆ ಕಂಬಿ ಬಾಗಿಲು ಇದೆಯಲ್ಲ ಎಂಬ ನೆಪ. ಆ ಆರು ವಾರ ನಾನು ವರ್ಷನ್ ಹುಡುಕಲೇ ಇಲ್ಲ. ಇಷ್ಟು ವರ್ಷದಲ್ಲಿ ಯಾರಾದರೂ ಪುಣ್ಯಾತ್ಮರು ಚಿಪ್ಪು ಬದಲಿಸಿರಬಹುದು ಎಂದು ಒಂದೊಂದು ಬೈಟಿನಲ್ಲೂ ಹುಡುಕಿದೆ.

ವರದಿಯಲ್ಲಿ ‘ತಪ್ಪಿನಿಂದ’ ಎಂದಿದ್ದುದನ್ನು ಈಗ ಹೊಡೆದುಹಾಕಿ ‘ತಿಳಿದೇ’ ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದೆ. ಒಳಗೆ ಅದನ್ನು ಓದುವ ಮೊದಲು ಆಪರೇಟರನ ಹೆಂಡತಿಗೆ ನಾನೇ ಹೇಳಬೇಕು. ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಳೆ. ಪಕ್ಕದಲ್ಲಿ ಡಬ್ಬಿ ಇಟ್ಟು ನನಗೆ ಜಾಗ ಹಿಡಿದಿದ್ದಾಳೆ.